ಟ್ಯೂಬ್‌ಲೈಟ್ ಕೆಳಗೆ ಸೂರ್ಯೋಪಾಸನೆ

ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಲ್ಲಿ ‘ಶಕ್ತಿಯ ಆಕರಗಳು’ ಅಂತ ಒಂದು ಅಧ್ಯಾಯವಿತ್ತು. ಸೋಲಾರ್ ಕುಕ್ಕರಿನ ಒಳಗೆ ಕಪ್ಪು ಯಾಕೆ ಬಳಿಯುತ್ತಾರೆ, ಮೇಲೆ ಗಾಜು ಯಾಕೆ ಮುಚ್ಚುತ್ತಾರೆ, ಒಂದು ಸೌರಕೋಶದಿಂದ ಎಷ್ಟು ವೋಲ್ಟ್ ಬರುತ್ತದೆ ಎಂಬ ಕೆಲಸಕ್ಕೆ ಬರುವ ಸಂಗತಿಗಳೆಲ್ಲ ಅದರಲ್ಲಿದ್ದವು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸಬೇಕೆಂದು 2022ರಲ್ಲಿ ತಜ್ಞರು ಕತ್ತರಿ ಹಿಡಿದು ಕೂತಾಗ ಆ ಅಧ್ಯಾಯ ಇಡಿಯಾಗಿ ಹೋಯಿತು. ‘ನೈಸರ್ಗಿಕ ಸಂಪನ್ಮೂಲಗಳ ಸುಸ್ಥಿರ ನಿರ್ವಹಣೆ’ಯೂ ಅದರ ಹಿಂದೆಯೇ ಗಂಟುಮೂಟೆ ಕಟ್ಟಿತು. ಹದಿನೈದನೇ ವಯಸ್ಸಿನಲ್ಲಿ ಹೊರೆ ಅನ್ನಿಸಿದ್ದನ್ನು ಇಪ್ಪತ್ತೊಂದನೇ ವಯಸ್ಸಿನಲ್ಲಿ ‘ಹಸಿರು ಕೌಶಲ್ಯ’ ಎಂದು ಹೆಸರಿಟ್ಟು, ಊಟ, ಟಿ-ಶರ್ಟ್, ಬ್ಯಾಗಿನ ಸಮೇತ ಕಲಿಸುವುದಕ್ಕೆ ಈಗ ಅನುದಾನ ಬರುತ್ತದೆ.

ನಡುವಿನ ಆರು ವರ್ಷ ಹುಡುಗ ಸುಮ್ಮನೆ ಕೂತಿರುತ್ತಾನೆ ಅಂದುಕೊಳ್ಳಬೇಡಿ. ಪರಿಸರವನ್ನು ಪಾಠವಾಗಿ ಕಲಿಸಿ ಎಂದು ಪರಿಸರ ವಕೀಲ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತ್ತಲ್ಲ, ಹಾಗಾಗಿ ಪದವಿಯಲ್ಲಿ ಪರಿಸರ ಅಧ್ಯಯನ ಕಡ್ಡಾಯ. ಕಡ್ಡಾಯ ಅಂದರೆ ಪಾಸಾಗಬೇಕು, ಅಷ್ಟೇ; ಎಷ್ಟೋ ಕಡೆ ಅಂಕ ಒಟ್ಟು ಲೆಕ್ಕಕ್ಕೆ ಸೇರುವುದಿಲ್ಲ. ಭೂಮಿ ಬಿಸಿಯಾಗುವುದಕ್ಕೆ ಓಜೋನ್ ಪದರದ ತೂತೇ ಕಾರಣ ಎಂದು ತಪ್ಪು ಬರೆದೂ ಪಾಸಾದವರು ಊರಿಗೊಂದು ಡಜನ್ ಸಿಗುತ್ತಾರೆ. ಜೂನ್ 5 ಬಂದರೆ ಪ್ಲಾಸ್ಟಿಕ್ ವಿರೋಧಿ ಜಾಥಾ. ಮುಂದೆ ಹಿಡಿದ ಬ್ಯಾನರು ಫ್ಲೆಕ್ಸಿನದು. ಫ್ಲೆಕ್ಸನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿತ್ತು ಎಂಬುದು ಆ ಬ್ಯಾನರಿನಲ್ಲಿ ಇರುವುದಿಲ್ಲ.

ಇಷ್ಟೆಲ್ಲ ಸಿದ್ಧತೆಯ ನಂತರ ಸೋಲಾರ್ ತರಬೇತಿ ಕೇಂದ್ರ. ಅದು ಬಸ್ ಸ್ಟ್ಯಾಂಡ್ ಪಕ್ಕದ ಕಾಂಪ್ಲೆಕ್ಸಿನ ಮೊದಲನೇ ಮಹಡಿಯಲ್ಲಿರುತ್ತದೆ. ಕೆಳಗೆ ಮೊಬೈಲ್ ರಿಪೇರಿ, ಎದುರಿಗೆ ಟೈಲರಿಂಗ್ ಕ್ಲಾಸು. ಒಂದು ಪ್ಯಾನೆಲ್ ಗೋಡೆಗೆ ಒರಗಿಕೊಂಡು ನಿಂತಿದೆ. ಟೆರೇಸಿಗೆ ಒಯ್ಯೋಣವೆಂದರೆ ಬೀಗದ ಕೈ ಮಾಲೀಕರ ಹತ್ತಿರ. ಕೈ ಸಿಕ್ಕಿದರೂ ಅಲ್ಲಿಗೆ ಇರುವುದು ಕಬ್ಬಿಣದ ಏಣಿ. 540 ವ್ಯಾಟ್ ಪ್ಯಾನೆಲ್ ಏಳೂವರೆ ಅಡಿ ಉದ್ದ, 27-28 ಕಿಲೋ ತೂಕ. ಆದ್ದರಿಂದ ಪ್ರಾಕ್ಟಿಕಲ್ ಟ್ಯೂಬ್‌ಲೈಟ್ ಕೆಳಗೇ ನಡೆಯುತ್ತದೆ. ಟ್ಯೂಬ್‌ಲೈಟ್ ಬೆಳಕಿಗೂ ಪ್ಯಾನೆಲ್ ಒಂದಿಷ್ಟು ವೋಲ್ಟ್ ತೋರಿಸುತ್ತದೆ. ಮಲ್ಟಿಮೀಟರಿನಲ್ಲಿ ಅಂಕಿ ಮೂಡಿದ್ದೇ ತಡ, ಚಪ್ಪಾಳೆ, ಗ್ರೂಪ್ ಫೋಟೋ. ಅದಕ್ಕೇ ಒಂದು ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ) ಫ್ಯಾನ್ ತಗುಲಿಸಿ ನೋಡಿ, ರೆಕ್ಕೆ ಅಲುಗುವುದಿಲ್ಲ. ಒಳ್ಳೆಯ ಬಿಸಿಲಿನಲ್ಲಿ 13 ಆಂಪಿಯರ್ ಕೊಡುವ ಮಾಲು ಇಲ್ಲಿ ಮಿಲಿಆಂಪಿಯರ್ ಲೆಕ್ಕಕ್ಕೆ ಇಳಿದಿರುತ್ತದೆ. ವೋಲ್ಟ್ ಇದೆ, ಕರೆಂಟ್ ಇಲ್ಲ. ಕೊನೆಗೆ ಕೊಡುವ ಪ್ರಮಾಣಪತ್ರದ ಕಥೆಯೂ ಇಷ್ಟೇ.

ಪ್ಯಾನೆಲ್ಲಿನ ವೈರುಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್ ಹಾಕುವ ಪಾಠವನ್ನೇ ತೆಗೆದುಕೊಳ್ಳಿ. 4 ಚದರ ಮಿ.ಮೀ. ಡಿಸಿ ಕೇಬಲ್ಲಿನ ತುದಿಯನ್ನು ಏಳೆಂಟು ಮಿ.ಮೀ. ಸುಲಿಯಬೇಕು, ಒಳಗಿನ ಎಳೆ ಒಂದೂ ತುಂಡಾಗಬಾರದು. ಪಿನ್ನಿನೊಳಗೆ ತೂರಿಸಿ, ಅದಕ್ಕೆಂದೇ ಇರುವ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿ, ಕವಚದೊಳಗೆ ‘ಟಕ್’ ಅನ್ನುವವರೆಗೆ ತಳ್ಳಿ, ಎಳೆದು ನೋಡಿ, ಹಿಂದಿನ ನಟ್ಟು ಬಿಗಿಯಬೇಕು. ಎರಡು ನಿಮಿಷದ ಕೆಲಸ, ಕೈ ಪಳಗಲು ಇಪ್ಪತ್ತೈದು ಮೂವತ್ತು ಸಲವಾದರೂ ಮಾಡಬೇಕು. ಕೇಂದ್ರದಲ್ಲಿ ಮೂವತ್ತು ಜನಕ್ಕೆ ಟೂಲು ಒಂದು. ಮೊದಲಿಬ್ಬರು ಒತ್ತುತ್ತಾರೆ, ಉಳಿದವರು ವಿಡಿಯೋ ಮಾಡಿಕೊಳ್ಳುತ್ತಾರೆ. ಮುಂದೆ ಕೆಲಸಕ್ಕೆ ಹೋದಲ್ಲಿ ಟೂಲೂ ಇರುವುದಿಲ್ಲ, ಕಟಿಂಗ್ ಪ್ಲೇಯರ್ ಇರುತ್ತದೆ. ಅದರಲ್ಲಿ ಅಮುಕಿದ ಪಿನ್ನು ಹಸ್ತಾಂತರದ ದಿನ ಚೆನ್ನಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಪೂರ್ತಿ ಲೋಡು ಹರಿದಾಗ ಕಾದು ಕವಚ ಕರಗುತ್ತದೆ. ಮೂರು ಕಿಲೋವ್ಯಾಟಿಗೆ ಆರು ಪ್ಯಾನೆಲ್ ಸಾಲಾಗಿ ಜೋಡಿಸಿದರೆ 300 ವೋಲ್ಟ್ ಹತ್ತಿರದ ಡಿಸಿ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುವುದರಿಂದ ಕಿಡಿ ಆರುವುದು ಸುಲಭ. ಡಿಸಿಗೆ ಆ ಅಭ್ಯಾಸವಿಲ್ಲ, ಹತ್ತಿದ ಕಿಡಿ ಹತ್ತಿಕೊಂಡೇ ಇರುತ್ತದೆ. ಡಿಸಿ ಕಡೆಗೆ ಎಸಿಯ ಎಂಸಿಬಿ (ಅಪಾಯವಾದಾಗ ಕರೆಂಟು ತಾನೇ ಕಡಿಯುವ ಸ್ವಿಚ್ಚು) ಹಾಕಬಾರದು ಅನ್ನುವುದು ಇದಕ್ಕೇ. ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲ. ‘ಸೂರ್ಯನ ಶಕ್ತಿ ನವೀಕರಿಸಬಹುದಾದದ್ದೇ, ಅಲ್ಲವೇ?’ ಅಂತ ಕೇಳುತ್ತಾರೆ.

ಅರ್ಥಿಂಗ್ ವಿಷಯದಲ್ಲಿ ಮಾತ್ರ ಪ್ರಗತಿಯಾಗಿದೆ. ಡಿಸಿಗೊಂದು, ಎಸಿಗೊಂದು, ಸಿಡಿಲು ತಡೆಯುವ ಲೈಟ್ನಿಂಗ್ ಅರೆಸ್ಟರಿಗೊಂದು ಅಂತ ಮೂರು ಗುಂಡಿ ತೋಡಬೇಕು. ಒಂದೇ ಗುಂಡಿಯನ್ನು ಮೂರು ದಿಕ್ಕಿನಿಂದ ಫೋಟೋ ತೆಗೆಯುವ ವಿಧಾನವನ್ನು ಯುವಕರು ಪಠ್ಯಕ್ರಮದ ಹೊರಗೆ, ಸ್ವಂತ ಪ್ರತಿಭೆಯಿಂದಲೇ ಕಲಿತಿದ್ದಾರೆ.

2015ರಲ್ಲಿ ಸೋಲಾರ್ ಕೆಲಸದ ‘ಸೂರ್ಯಮಿತ್ರ’ ತರಬೇತಿ ಶುರುವಾದಾಗ 600 ಗಂಟೆ ಗೊತ್ತು ಮಾಡಿದ್ದರು. ಎರಡು ದಿನದ ಕಾರ್ಯಾಗಾರದಲ್ಲೇ ‘ಹವಾಮಾನ ಯೋಧ’ರನ್ನು ತಯಾರಿಸುವ ಇವತ್ತಿನವರಿಗೆ ಅದು ದುಂದುವೆಚ್ಚದಂತೆ ಕಾಣುತ್ತದೆ. ಮೊದಲ ದಿನ ಉದ್ಘಾಟನೆ, ಎರಡನೇ ದಿನ ಸಮಾರೋಪ. ಎರಡು ಶಾಲುಗಳ ನಡುವೆ ಉಳಿದ ಸಮಯದಲ್ಲಿ ಇಂಗ್ಲಿಷಿನಲ್ಲಿ ಸ್ವಪರಿಚಯ ಹೇಳುವ ಅಭ್ಯಾಸ. ಇತ್ತ ಮನೆಯ ಛಾವಣಿಗೆ ಸೋಲಾರ್ ಹಾಕಿಸುವ 2024ರ ಪಿಎಂ ಸೂರ್ಯ ಘರ್ ಯೋಜನೆಗೆ ಒಂದು ಕೋಟಿ ಮನೆಯ ಗುರಿಯಿದೆ, ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಕೈ ಬೇಕೇ ಬೇಕು. ಆದರೆ ವಿದ್ಯುತ್ ಕಂಪನಿ ಬೆಸ್ಕಾಂಗೆ ಕೊಡುವ ಕಾಗದಕ್ಕೆ ಸಹಿ ಹಾಕಬೇಕಾದವನು ಲೈಸೆನ್ಸ್ ಇರುವ ಗುತ್ತಿಗೆದಾರ. ಪ್ರಮಾಣಪತ್ರದ ಹುಡುಗನಿಗೆ ಏಣಿ ಹಿಡಿಯುವ ಅವಕಾಶ.

ಏಣಿ ಬೇಡವೆಂದರೆ ತುಮಕೂರು ಜಿಲ್ಲೆಯ ಪಾವಗಡವಿದೆ. ತಿರುಮಣಿ, ವಳ್ಳೂರು ಕಡೆ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಜಮೀನಿದ್ದವರಿಗೆ ಬಂತು. ಅವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಪ್ಯಾನೆಲ್ಲಿನ ನೋಟ ಸಿಕ್ಕಿತು. ಸ್ಥಳೀಯರಿಗೆ ಇಲ್ಲಿರುವ ಕೆಲಸ ಹೆಚ್ಚಾಗಿ ಮೂರು: ಕಾವಲು, ಪ್ಯಾನೆಲ್ ತೊಳೆಯುವುದು, ಹುಲ್ಲು ಕೊಯ್ಯುವುದು. ಮೂರನೆಯದು ಎರಡನೆಯದರ ಕೂಸು. ಬರದ ತಾಲ್ಲೂಕಿನ ನೀರಿನಲ್ಲಿ ಧೂಳು ತೊಳೆದರೆ ಆ ನೀರು ಬುಡಕ್ಕಿಳಿದು ಹುಲ್ಲು ಚಿಗುರುತ್ತದೆ. ಹುಲ್ಲು ಎತ್ತರಕ್ಕೆ ಬಂದರೆ ಕೆಳಸಾಲಿನ ಮೇಲೆ ನೆರಳು. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟನ್ನು ಪಕ್ಕದಿಂದ ದಾಟಿಸುವ ಬೈಪಾಸ್ ಡಯೋಡ್ ಪ್ಯಾನೆಲ್ಲಿನೊಳಗೆ ಇರುವುದು ಮೂರೇ, ಒಂದು ಕೋಶ ಪೂರ್ತಿ ಮುಚ್ಚಿದರೂ ಮೂರನೇ ಒಂದು ಭಾಗ ಮಲಗಿಬಿಡುತ್ತದೆ. ಕೊಯ್ಯದೆ ಒಣಗಲು ಬಿಟ್ಟರೆ ಬೆಂಕಿ. ಹಸಿರು ಉದ್ಯೋಗ ಅಂದರೆ ಹಸಿರು ಕಂಡಲ್ಲಿ ಕತ್ತರಿಸುವುದು ಎಂದು ಐಟಿಐ ಓದಿದ ಹುಡುಗನಿಗೂ ಅಲ್ಲಿ ಅರ್ಥವಾಗುತ್ತದೆ.

ಹುಲ್ಲು ಕೊಯ್ಯುವುದಕ್ಕೂ ಒಂದು ಕೋರ್ಸಿನ ಪ್ರಸ್ತಾವ ಹೋಗುವುದು ಬಾಕಿ. 300 ಗಂಟೆ, ಬಯೋಮೆಟ್ರಿಕ್ ಹಾಜರಿ, ಪ್ರೊಜೆಕ್ಟರ್, ಮೂವತ್ತು ಜನಕ್ಕೆ ಒಂದು ಕುಡುಗೋಲು. ಹೇಳಿಕೊಡುವುದಕ್ಕೆ ತಿರುಮಣಿಯ ಹೆಂಗಸರಿಗಿಂತ ಬಲ್ಲವರಿಲ್ಲ. ಆದರೆ ಅವರ ಹತ್ತಿರ ತರಬೇತುದಾರರ ಪ್ರಮಾಣಪತ್ರ ಇರುವುದಿಲ್ಲವಲ್ಲ, ಹಾಗಾಗಿ ಮೊದಲ ಬ್ಯಾಚಿಗೆ ಅವರನ್ನೇ ಸೇರಿಸಿಕೊಳ್ಳಬೇಕಾಗುತ್ತದೆ.