ಧ್ಯಾನದ ಕೋಣೆಯಾಚೆ ಬಿಟ್ಟ ವಾದ್ಯ

ವಿಪಶ್ಯನ ಎಂಬ ಬೌದ್ಧ ಧ್ಯಾನದ ಹತ್ತು ದಿನದ ಶಿಬಿರಕ್ಕೆ ಹೋಗುವವರು ವಾದ್ಯ ಒಯ್ಯುವಂತಿಲ್ಲ. ಪುಸ್ತಕ, ಪೆನ್ನು, ಫೋನು, ಪರಸ್ಪರ ಮಾತು ಎಲ್ಲಕ್ಕೂ ಅದೇ ನಿಯಮ. ಬೌದ್ಧರ ಅಷ್ಟಶೀಲಗಳಲ್ಲೂ ಹಾಡು, ಕುಣಿತ, ವಾದ್ಯಗಳಿಂದ ದೂರವಿರಬೇಕು ಎಂದಿದೆ. ನಾದವೇ ಉಪಾಸನೆ ಎಂದು ಕೇಳುತ್ತಾ ಬೆಳೆದ ನಮ್ಮಂಥವರಿಗೆ ಇದು ಸುಲಭಕ್ಕೆ ಒಗ್ಗುವುದಿಲ್ಲ. ಮನಸ್ಸು ಒಂದು ಕಡೆ ನಿಲ್ಲಲಿ ಅಂತಲೇ ಅಲ್ಲವೇ ನಾವು ಶ್ರುತಿ ಹಿಡಿಯುವುದು? ಹಾಗಿದ್ದ ಮೇಲೆ ತಂಬೂರಿಯನ್ನೇಕೆ ಬಾಗಿಲಾಚೆ ಇಡಬೇಕು?

ಅಮೆರಿಕದಲ್ಲಿ ನೆಲೆಸಿದ ಮೇಲೆ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಇಲ್ಲಿ ನಾನು ಒಡನಾಡುವ ಸಂಗೀತಗಾರರಲ್ಲಿ ಅನೇಕರು ಧ್ಯಾನ ಮಾಡುತ್ತಾರೆ. ಅವರ ಪಾಲಿಗೆ ಅದೊಂದು ಕೆಲಸ, ಸಂಗೀತ ಇನ್ನೊಂದು ಕೆಲಸ. ಬೆಳಿಗ್ಗೆ ದಿಂಬಿನ ಮೇಲೆ ಕೂತು ಉಸಿರು ನೋಡುತ್ತಾರೆ, ಆಮೇಲೆ ಎದ್ದು ಪಿಯಾನೊ ಮುಟ್ಟುತ್ತಾರೆ. ನಮ್ಮ ಕಡೆಯ ಹಾಡುವವರನ್ನು ಕೇಳಿದರೆ "ಅದಕ್ಕೆ ಬೇರೆ ಧ್ಯಾನ ಯಾಕೆ, ಖರಜ (ಕೆಳಸ್ಥಾಯಿಯ ಸ್ವರ) ಹಚ್ಚಿ ಕೂತರೆ ಆಯಿತಲ್ಲ" ಅನ್ನುತ್ತಾರೆ. ನಾನು ಎರಡೂ ಕಡೆ ಕೂರುತ್ತೇನೆ. ಕೂತಷ್ಟೂ ನನಗೆ ಅನಿಸುವುದು ಇದು: ಅಂಟಿಕೊಳ್ಳದಿರುವ ಪಾಠವನ್ನು ಸ್ವರ ಹಚ್ಚುವ ಮೊದಲು ಕಲಿಯಲಾಗುವುದಿಲ್ಲ. ಹಚ್ಚುವಾಗ ಪೂರ್ತಿ ಅಂಟಿಕೊಂಡೇ ಹಚ್ಚಬೇಕು. ಬಿಡಬೇಕಾದದ್ದು ಅದರ ನಂತರ.

ಆ ಶಿಬಿರದ ನಿಯಮದ ಬಗ್ಗೆ ನನಗೆ ಈಗ ತಕರಾರಿಲ್ಲ. ಉಸಿರಿನ ಮೇಲೆ ಗಮನ ಇಟ್ಟು ಕೂತಾಗ ಬೇರೆಯವರಿಗೆ ಸಾಲ, ಆಫೀಸು, ಹಳೇ ಜಗಳ ನೆನಪಾಗಬಹುದು. ಹಾಡುವವರ ತಲೆಯಲ್ಲಿ ಹಾಡು ಸುತ್ತುತ್ತದೆ. ಅದೂ ಇಡೀ ಹಾಡಲ್ಲ. ಅನುಪಲ್ಲವಿಯ ಅರ್ಧ ಸಾಲು, ಎಲ್ಲಿಗೂ ಮುಟ್ಟದೆ ಮತ್ತೆ ಮೊದಲಿಗೇ ಬರುತ್ತದೆ. ಅದಕ್ಕೊಂದು ಸಂಗತಿ, ಅಂದರೆ ಅದೇ ಸಾಲಿನ ಹೊಸ ಬಗೆ, ಹಾಕೋಣ ಅನಿಸುತ್ತದೆ. ಹಾಕಿದ ಕೂಡಲೇ ಯಾರಿಗಾದರೂ ಕೇಳಿಸೋಣ ಅನಿಸುತ್ತದೆ. ಕೇಳಿದವರು ತಲೆದೂಗುವುದೂ ಕಣ್ಣಿಗೆ ಕಟ್ಟುತ್ತದೆ. ಅಷ್ಟರಲ್ಲಿ ಉಸಿರು ಎಲ್ಲಿ ಹೋಯಿತೋ ಗೊತ್ತಿಲ್ಲ. ಹೊಗಳಿಕೆಯ ಆಸೆ ಎಷ್ಟು ಬೇಗ, ಎಷ್ಟು ಮೆಲ್ಲಗೆ ಸ್ವರದ ಹೆಗಲೇರಿ ಬಂದುಬಿಡುತ್ತದೆ ಎನ್ನುವುದನ್ನು ನಾನು ಸರಿಯಾಗಿ ನೋಡಿದ್ದು ವಾದ್ಯವಿಲ್ಲದೆ ಕೂತಾಗಲೇ. ತಂಬೂರಿಯ ಮುಂದೆ ಅದು ಕಾಣಿಸಿರಲಿಲ್ಲ. ನಾದೋಪಾಸನೆ ಎಂಬ ದೊಡ್ಡ ಮಾತಿನ ಮರೆಯಲ್ಲಿ ಈ ಆಸೆ ನಮ್ಮಲ್ಲಿ ಹಾಯಾಗಿ ಬಾಳುತ್ತಿರುತ್ತದೆ.

ಇಲ್ಲಿನವರ ಜೊತೆ ನಾನು ಒಪ್ಪದಿರುವುದು ಬೇರೆ ವಿಷಯದಲ್ಲಿ. ಧ್ಯಾನ ಮಾಡಿದರೆ ಹೊಸ ಮಟ್ಟುಗಳು ಹೊಳೆಯುತ್ತವೆ ಎಂಬ ನಂಬಿಕೆ ಅವರಲ್ಲಿ ಬಲವಾಗಿದೆ. 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರಾನ್ ಎಂಬ ಸಂಶೋಧಕರು ಆರು ಮಂದಿ ಜಾಝ್ ಪಿಯಾನೊ ವಾದಕರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಸಣ್ಣದೊಂದು ಕೀಬೋರ್ಡ್ ಕೊಟ್ಟು ನುಡಿಸಲು ಹೇಳಿದರು. ಮೊದಲೇ ಕಲಿತದ್ದನ್ನು ನುಡಿಸುವಾಗಿನದಕ್ಕಿಂತ ಅಲ್ಲೇ ಹುಟ್ಟಿಸಿಕೊಂಡು ನುಡಿಸುವಾಗ, ನಮ್ಮನ್ನು ನಾವೇ ಕಾವಲು ಕಾಯುವುದಕ್ಕೆ ಸಂಬಂಧಿಸಿದ ಮಿದುಳಿನ ಮುಂಭಾಗದ ಕೆಲವು ಜಾಗಗಳು ತಣ್ಣಗಾಗಿದ್ದವು. ಇದನ್ನೇ ಹಿಡಿದುಕೊಂಡು "ಒಳಗಿನ ವಿಮರ್ಶಕನನ್ನು ಸುಮ್ಮನಿರಿಸಿ, ಸಂಗೀತ ತಾನಾಗಿ ಹರಿಯುತ್ತದೆ" ಎನ್ನುವವರಿದ್ದಾರೆ. ಒಳಗೆ ಮಲಗಿದ್ದವರು ವೃತ್ತಿಪರ ವಾದಕರು ಎನ್ನುವುದನ್ನು ಮರೆಯುತ್ತಾರೆ. ವರ್ಷಗಟ್ಟಲೆ ಆ ಕಾವಲುಗಾರನಿಂದ ಬೈಸಿಕೊಂಡು ಪಳಗಿದ ಬೆರಳುಗಳವು. ಅಂಥವರ ಮಟ್ಟಿಗೆ ಆತ ಸ್ವಲ್ಪ ಹೊತ್ತು ಎದ್ದು ಹೋದರೂ ನಡೆಯುತ್ತದೆ. ಸ್ವರ ಕೂರದ ಗಂಟಲಿನಲ್ಲಿ ಎಷ್ಟು ಧ್ಯಾನ ಮಾಡಿದರೂ ಸ್ವರ ಕೂರುವುದಿಲ್ಲ. ಮೇಲಾಗಿ, ಏನೋ ಹೊಳೆಯಲಿ ಎಂದು ಕಾದುಕೊಂಡು ಕಣ್ಣು ಮುಚ್ಚಿದವರು ಆಸೆಯನ್ನೂ ಪಕ್ಕದಲ್ಲೇ ಕೂರಿಸಿಕೊಂಡಿರುತ್ತಾರೆ.

ಆಸೆಯನ್ನು ಸಂಗೀತದಿಂದಲೇ ಕಿತ್ತು ಹಾಕಲು ಹೊರಟ ಒಬ್ಬರು ಈ ದೇಶದಲ್ಲಿದ್ದರು, ಸಂಗೀತ ರಚನಕಾರ ಜಾನ್ ಕೇಜ್. 1940ರ ದಶಕದ ನಡುವಿನಲ್ಲಿ ಭಾರತದ ಸಂಗೀತಗಾರ್ತಿ ಗೀತಾ ಸಾರಾಭಾಯಿ ನ್ಯೂಯಾರ್ಕಿಗೆ ಬಂದಾಗ ಅವರಿಗೆ ಪಾಶ್ಚಾತ್ಯ ಸಂಗೀತ ಹೇಳಿಕೊಟ್ಟು, ಬದಲಿಗೆ ಭಾರತೀಯ ಸಂಗೀತದ ವಿಚಾರ ತಿಳಿದುಕೊಂಡರು. ಮನಸ್ಸನ್ನು ತಿಳಿಯಾಗಿಸಿ ದೈವೀ ಪ್ರಭಾವಕ್ಕೆ ತೆರೆದಿಡುವುದೇ ಸಂಗೀತದ ಉದ್ದೇಶ ಎಂದು ಆಕೆ ತಮ್ಮ ಗುರುಗಳಿಂದ ಕೇಳಿದ್ದನ್ನು ಹೇಳಿದರು. ಕೇಜ್ ಅದನ್ನು ಮತ್ತೆ ಮತ್ತೆ ನೆನೆಯುತ್ತಿದ್ದರು. ಮುಂದೆ ಜಪಾನಿನ ಬೌದ್ಧ ವಿದ್ವಾಂಸ ಡಿ.ಟಿ. ಸುಜುಕಿ ಅವರ ಝೆನ್ ಉಪನ್ಯಾಸಗಳಿಗೆ ಹೋದರು. 1951ರಲ್ಲಿ ನಾಣ್ಯ ಚಿಮ್ಮಿ, ಅದು ಬಿದ್ದಂತೆ ಸ್ವರಗಳನ್ನು ಆರಿಸಿ ಪಿಯಾನೊಗೆ ಕೃತಿ ಕಟ್ಟಿದರು. ತಮ್ಮ ಇಷ್ಟಾನಿಷ್ಟ ಅದರೊಳಗೆ ನುಸುಳಬಾರದು ಎಂಬುದೊಂದೇ ಹಟ. ಮರುವರ್ಷ ಆಗಸ್ಟ್ 29ರಂದು ವುಡ್‌ಸ್ಟಾಕಿನಲ್ಲಿ ಅವರದೇ ಇನ್ನೊಂದು ಕೃತಿಗಾಗಿ ವಾದಕ ಡೇವಿಡ್ ಟ್ಯೂಡರ್ ಪಿಯಾನೊ ಮುಂದೆ ಕೂತು 4 ನಿಮಿಷ 33 ಸೆಕೆಂಡು ಒಂದೂ ಸ್ವರ ನುಡಿಸಲಿಲ್ಲ. ಕೇಳಿದ್ದು ಗಾಳಿ, ಮಳೆಹನಿ, ಸಭಿಕರ ಗುಸುಗುಸು. ಅಷ್ಟು ಧೈರ್ಯ ಮಾಡಿದವರ ಬಗ್ಗೆ ನನಗೆ ಅಪಾರ ಗೌರವ. ಆದರೂ ಅವರ ಜೊತೆ ಕೊನೆವರೆಗೆ ಹೋಗಲು ನನ್ನಿಂದಾಗದು. ಆಯ್ಕೆಯನ್ನು ನಾಣ್ಯಕ್ಕೆ ಒಪ್ಪಿಸಿದರೆ ಇಷ್ಟ ಹಣ್ಣಾಗುವುದಿಲ್ಲ, ಅದಕ್ಕೆ ಕೆಲಸ ತಪ್ಪುತ್ತದೆ ಅಷ್ಟೇ.

ಅದೇ ಹೊತ್ತಿಗೆ ಮಧ್ಯಭಾರತದ ದೇವಾಸದಲ್ಲಿ ಇನ್ನೊಂದು ಮೌನವಿತ್ತು. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ, ಅಂದರೆ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು, ಕ್ಷಯ ಹಿಡಿದು ಅಲ್ಲಿ ಮಲಗಿದ್ದರು. ಹಾಡಲೇಬಾರದು ಎಂದು ವೈದ್ಯರ ಅಪ್ಪಣೆ. ಹುಡುಗನಾಗಿದ್ದಾಗ ಗ್ರಾಮಾಫೋನ್ ತಟ್ಟೆ ಕೇಳಿ ದೊಡ್ಡ ದೊಡ್ಡ ಉಸ್ತಾದರ ಗಾಯನವನ್ನು ಹಾಗೆ ಹಾಗೇ ಒಪ್ಪಿಸಿ ಸಭೆಗಳನ್ನು ಬೆರಗಾಗಿಸಿದ ಗಂಟಲು ಅದು. ಈಗ ಕೇಳುವುದೊಂದೇ ಉಳಿದಿತ್ತು. ಮಾಳವದ ಹೆಂಗಸರ ಹಾಡು, ಅಲೆದಾಡುವ ನಾಥಜೋಗಿಗಳ ನಿರ್ಗುಣ ಭಜನೆ (ರೂಪವಿಲ್ಲದ ದೇವರನ್ನು ಹಾಡುವಂಥದ್ದು) ಕಿವಿಗೆ ಬೀಳುತ್ತಿದ್ದವು. ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಬಂದು ಜೀವ ಉಳಿಯಿತು. 1953ರ ಹೊತ್ತಿಗೆ ಮತ್ತೆ ಹಾಡತೊಡಗಿದಾಗ ಕೇಳಿದವರಿಗೆ ಸಿಕ್ಕಿದ್ದು ಬೇರೆಯೇ ಗಾಯಕ. ಒಂದು ಶ್ವಾಸಕೋಶ ಹಾಳಾಗಿದ್ದರಿಂದ ದೀರ್ಘ ಉಸಿರಿನ ತಾನ್ (ವೇಗದ ಸ್ವರಸರಣಿ) ಹೋಗಿ, ಚುಟುಕು ಸ್ವರಗುಚ್ಛ ಚಿಮ್ಮಿ ಥಟ್ಟನೆ ನಿಲ್ಲುತ್ತಿತ್ತು. ಜನಪದ ಧುನ್‌ಗಳ ಒಳಗಿಂದ ಹೊಸ ರಾಗಗಳನ್ನು ತೆಗೆದರು. ನಿರ್ಗುಣ ಭಜನೆಗಳನ್ನು ಕಛೇರಿಗೆ ತಂದರು.

ರೋಗವನ್ನು ತಪಸ್ಸು ಎಂದು ವರ್ಣಿಸುವುದು ನನಗೆ ಇಷ್ಟವಿಲ್ಲ, ಕ್ಷಯ ಕ್ಷಯವೇ. ಆದರೆ ಆ ವರ್ಷಗಳ ಕೇಳುವಿಕೆ ಎಂಥದ್ದಿರಬೇಕು ಎಂದು ಯೋಚಿಸುತ್ತೇನೆ. ಸಂಗೀತಗಾರರು ಸಾಮಾನ್ಯವಾಗಿ ಕೇಳುವುದು ಎತ್ತಿಕೊಳ್ಳುವುದಕ್ಕೆ: ಆ ಜಾಗ ಚೆನ್ನಾಗಿದೆ, ಸಂಜೆ ನಾನೂ ಹಾಕಬೇಕು. ಮತ್ತೆ ಹಾಡುತ್ತೇನೋ ಇಲ್ಲವೋ ಗೊತ್ತಿಲ್ಲದವರಿಗೆ ಎತ್ತಿಕೊಂಡು ಮಾಡುವುದೇನಿದೆ? ಅಭ್ಯಾಸ ಮಾಡಿ ಪಡೆದ ಕಿವಿ ಪೂರ್ತಿ ಎಚ್ಚರವಾಗಿದೆ, ಲಾಭದ ಲೆಕ್ಕ ಮಾತ್ರ ನಿಂತಿದೆ. ಧ್ಯಾನದ ಗುರುಗಳು ಹೇಳುವ ಸ್ಥಿತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಂಗೀತದಲ್ಲಿ ನನಗೆ ಗೊತ್ತಿಲ್ಲ. ಕೇಜ್ ಮೌನಕ್ಕೆ ಹೋದದ್ದು ವಿಚಾರದ ದಾರಿಯಲ್ಲಿ, ಇಷ್ಟವನ್ನು ಅಳಿಸಲು. ಕುಮಾರರ ಮೌನದಲ್ಲಿ ಇಷ್ಟ ಅಳಿಯಲಿಲ್ಲ, ಅದರ ಹಸಿವು ಬದಲಾಯಿತು.

ರಾಗಪದ್ಧತಿಯಲ್ಲೇ ಇದಕ್ಕೊಂದು ಕಸರತ್ತು ಅಡಗಿದೆ. ಹಿಂದೂಸ್ತಾನಿಯ ಮಾರವಾ ರಾಗ ನೋಡಿ. ಪಂಚಮ ಇಲ್ಲವೇ ಇಲ್ಲ, ಆದ್ದರಿಂದ ತಂಬೂರಿಯ ಮೊದಲ ತಂತಿಯನ್ನು ಸಾಮಾನ್ಯವಾಗಿ ನಿಷಾದಕ್ಕೆ ಕೂಡಿಸುತ್ತಾರೆ. ಉಳಿದ ತಂತಿಗಳು ಆಧಾರಸ್ವರವಾದ ಷಡ್ಜವನ್ನೇ ಹೇಳುತ್ತಿರುತ್ತವೆ. ಹಾಡುವವರು ಮಾತ್ರ ಆ ಷಡ್ಜದ ಸುತ್ತ ಸುತ್ತಬೇಕು: ಮಂದ್ರದ (ಕೆಳಸ್ಥಾಯಿಯ) ಧೈವತ, ನಿಷಾದ, ಅಲ್ಲಿಂದ ಷಡ್ಜ ಹಾರಿ ಕೋಮಲ ರಿಷಭ, ಮತ್ತೆ ಗಾಂಧಾರ. ರಿಷಭದ ಮೇಲೆ ನಿಂತಾಗ ಗಂಟಲು ಕೆಳಗಿಳಿಯಲು ಹಾತೊರೆಯುತ್ತದೆ. ಅರ್ಧ ಸ್ವರದಷ್ಟು ಕೆಳಗೆ ಮನೆ ಇದೆ, ತಂತಿ ಕರೆಯುತ್ತಲೂ ಇದೆ, ಇಳಿದರೆ ಹಾಯೆನಿಸುತ್ತದೆ, ರಾಗ ಮಾತ್ರ ಮುಗಿದುಹೋಗುತ್ತದೆ. ಇಳಿಯದೆ ಆ ಹಾತೊರೆತವನ್ನು ನೋಡುತ್ತಾ ನಿಂತರೆ ರಿಷಭ ತಾನೇ ತಾನಾಗಿ ಬೆಳಗುತ್ತದೆ. ಕಾಲು ಜೋಮು ಹಿಡಿದಾಗ ಅಲುಗಾಡದೆ ಆ ನೋವನ್ನೇ ನೋಡಿ ಎಂದು ಧ್ಯಾನದಲ್ಲಿ ಹೇಳುತ್ತಾರಲ್ಲ, ನನ್ನ ಮಟ್ಟಿಗೆ ಎರಡೂ ಒಂದೇ ಕೆಲಸ. ಒಂದು ವ್ಯತ್ಯಾಸವಿದೆ. ಇಲ್ಲಿ ಷಡ್ಜದ ಮೇಲಿನ ಮೋಹ ಇರಲೇಬೇಕು. ಅದಿಲ್ಲದವರು ಮಾರವಾ ಹಾಡಿದರೆ ಬರೀ ಲೆಕ್ಕ ಒಪ್ಪಿಸಿದಂತಿರುತ್ತದೆ. ಹೊಸ ಸಂಚಾರಗಳು ಹುಟ್ಟುವುದೂ ಆ ತಡೆಹಿಡಿದ ಗಳಿಗೆಯಲ್ಲೇ. ಮನೆಗೆ ಹೋಗುವ ದಾರಿ ಮುಚ್ಚಿದಾಗ ಮಿಕ್ಕ ಸ್ವರಗಳ ನಡುವೆ ಎಷ್ಟೊಂದು ಜಾಗ ಇದೆ ಎಂದು ಗೊತ್ತಾಗುತ್ತದೆ.

ಹಾಡಿದ್ದು ಯಾರದು ಎಂಬ ವಿಚಾರದಲ್ಲಿ ಎರಡು ದಾರಿಗಳು ಇನ್ನೂ ದೂರ. ಅಮೆರಿಕದ ಕಾನೂನಿನಲ್ಲಿ ರಚನೆಯ ಹಕ್ಕು ಕರ್ತೃ ತೀರಿಕೊಂಡ ಮೇಲೂ 70 ವರ್ಷ ಉಳಿಯುತ್ತದೆ, ಭಾರತದಲ್ಲಿ 60. ಸಂಗೀತಗಾರರು ಉಣ್ಣಬೇಕು, ಇದನ್ನು ನಾನು ಖಂಡಿತ ವಿರೋಧಿಸುವುದಿಲ್ಲ. ಆದರೆ ಇಲ್ಲಿ ನಾಲ್ಕು ಜನ ಕೂತು ನುಡಿಸುವಾಗ ಒಳ್ಳೆಯ ಮಟ್ಟೊಂದು ಹುಟ್ಟಿದರೆ, ಅದು ಯಾರದ್ದಾಗಬೇಕು ಎಂಬ ಮಾತು ಬೇಗ ಬರುತ್ತದೆ. ಬಂದ ಮೇಲೆ ನುಡಿಸುವುದು ಸ್ವಲ್ಪ ಬಿಗಿಯಾಗುತ್ತದೆ. ತೋಡಿ ರಾಗವನ್ನು ಯಾರೂ ತನ್ನದೆಂದು ನೋಂದಾಯಿಸಲಾರರು. ಬಸವಣ್ಣನವರು ಕೂಡಲಸಂಗಮದೇವ ಎಂದರು, ಅಕ್ಕ ಚೆನ್ನಮಲ್ಲಿಕಾರ್ಜುನ ಎಂದಳು, ದಾಸರು ಪುರಂದರ ವಿಠಲ ಎಂದರು. ರಚನೆಯ ಕೊನೆಯಲ್ಲಿ ಉಳಿದದ್ದು ದೇವರ ಹೆಸರು. ತನ್ನದನ್ನು ಕೈದಾಟಿಸುವ ಕ್ರಮವನ್ನು ರಚನೆಯೊಳಗೇ ಹೆಣೆದಿಟ್ಟ ಪರಂಪರೆ ನಮ್ಮದು. ಇಷ್ಟಿದ್ದೂ ನಾವು ಬಿಟ್ಟವರಲ್ಲ. ಬಂದಿಶ್‌ಗಳನ್ನು (ಹಿಂದೂಸ್ತಾನಿ ರಚನೆಗಳನ್ನು) ಮನೆಯ ಆಸ್ತಿಯಂತೆ ಬಚ್ಚಿಟ್ಟ ಘರಾಣೆಗಳಿದ್ದವು. ನಮ್ಮ ಬಾನಿ, ನಮ್ಮ ಪಾಠಾಂತರ ಎಂದು ಇಂದಿಗೂ ಎದೆಯುಬ್ಬಿಸುತ್ತೇವೆ. ಅಹಂಕಾರ ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕೂತಿದೆ.

ಹಾಡಿದ ಮೇಲೆ ಬಿಡುವುದಕ್ಕೆ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿದ್ದು ಪಾಶ್ಚಾತ್ಯರಲ್ಲೇ. 1975ರ ಜನವರಿ 24ರಂದು ಜರ್ಮನಿಯ ಕೊಲೋನ್‌ನಲ್ಲಿ ಅಮೆರಿಕದ ಜಾಝ್ ಪಿಯಾನೊ ವಾದಕ ಕೀತ್ ಜ್ಯಾರೆಟ್ ತಮಗೆ ಬೇಕಾದದ್ದಲ್ಲದ, ದನಿಯೂ ಸರಿಯಿಲ್ಲದ ಪಿಯಾನೊ ಮೇಲೆ ಇಡೀ ಕಛೇರಿಯನ್ನು ಅಲ್ಲೇ ಹುಟ್ಟಿಸಿ ನುಡಿಸಿದರು. ಧ್ವನಿಮುದ್ರಿಕೆ ಲಕ್ಷಾಂತರ ಜನರನ್ನು ಮುಟ್ಟಿತು. ಸ್ವರಲಿಪಿ ಕೊಡಿ ಎಂದು ಪಿಯಾನೊ ವಾದಕರು ದುಂಬಾಲು ಬಿದ್ದರೂ ವರ್ಷಗಟ್ಟಲೆ ಒಪ್ಪಲಿಲ್ಲ. ಒಂದು ರಾತ್ರಿ ಹುಟ್ಟಿದ್ದು ಬಂದಷ್ಟೇ ಬೇಗ ಹೋಗಬೇಕು ಎಂಬುದು ಅವರ ನಿಲುವು. ಕೊನೆಗೆ ಒಪ್ಪಿದಾಗಲೂ, ಬರೆದದ್ದಕ್ಕಿಂತ ಮುದ್ರಿಕೆಯೇ ಪ್ರಮಾಣ ಎಂದರು. ಆಲಾಪನೆ ನಮ್ಮ ಮನೆಯ ವಿದ್ಯೆ. ಆದರೂ ಈ ನಿಲುವಿನ ಬಿಗಿ ನಮ್ಮಲ್ಲಿ ಸಡಿಲವಾಗುತ್ತಿದೆ ಅನಿಸಿ ನನಗೆ ನೋವಾಗುತ್ತದೆ. ಮಕ್ಕಳಿಗೆ ಕಲ್ಪನಾಸ್ವರವನ್ನು, ಅಂದರೆ ಹಾಡುವಾಗಲೇ ಹುಟ್ಟಬೇಕಾದ ಸ್ವರಗಳನ್ನು, ನೋಟುಬುಕ್ಕಿನಲ್ಲಿ ಬರೆಸಿ ಬಾಯಿಪಾಠ ಮಾಡಿಸುತ್ತಾರೆ. ಸ್ಪರ್ಧೆಯಲ್ಲಿ ಮಗು ಅದನ್ನೇ ಒಪ್ಪಿಸುತ್ತದೆ, ಮುಕ್ತಾಯ ಎಡುಪಿಗೆ (ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗಕ್ಕೆ) ಸರಿಯಾಗಿ ಬಂದು ಬೀಳುತ್ತದೆ, ಚಪ್ಪಾಳೆ ಬೀಳುತ್ತದೆ. ಆ ಮಗುವಿಗೆ ಸ್ವರ ಹುಟ್ಟುವ ಭಯವೂ ಗೊತ್ತಾಗಲಿಲ್ಲ, ಹುಟ್ಟಿದ್ದನ್ನು ಬಿಟ್ಟು ಮುಂದೆ ಹೋಗುವ ಸುಖವೂ ಗೊತ್ತಾಗಲಿಲ್ಲ. ಹೊರನಾಡಿನಲ್ಲಿ ಇದು ಇನ್ನೂ ಹೆಚ್ಚು; ಪರಂಪರೆ ಕೈತಪ್ಪೀತು ಎಂಬ ಅಂಜಿಕೆಯಿಂದ ಕಲಿತದ್ದನ್ನು ಮುಷ್ಟಿ ಬಿಗಿದು ಹಿಡಿದಿರುತ್ತೇವೆ.

ನಾನು ಸಂಗೀತದ ಮೇಷ್ಟ್ರುಗಳಲ್ಲಿ ಕೇಳಿಕೊಳ್ಳುವುದು ಇಷ್ಟೇ. ಪಾಠದ ಕೊನೆಯಲ್ಲಿ ಒಂದು ಹತ್ತು ನಿಮಿಷ ಮಗುವಿನ ಕೈಗೆ ಶ್ರುತಿ ಕೊಟ್ಟು, ಮೋಹನದಂಥ ಐದು ಸ್ವರದ ರಾಗದಲ್ಲಿ ಬೇಕಾದ ಹಾಗೆ ಹಾಡಲು ಬಿಡಿ. ಮೊದಲು ಒಂದೆರಡು ನಿಮಿಷ ಸುಮ್ಮನೆ ಕೂತು ಷಡ್ಜ ಕೇಳಲಿ. ಆಮೇಲೆ ತಾಳ ತಪ್ಪಿದರೂ, ಸ್ವರ ಜಾರಿದರೂ ತಿದ್ದಬೇಡಿ. ತಿದ್ದಲು ಉಳಿದ ಪಾಠ ಇದ್ದೇ ಇದೆ. ಚೆನ್ನಾಗಿ ಬಂದರೆ ಹೊಗಳುವುದೂ ಬೇಡ, ಇನ್ನೊಮ್ಮೆ ಹಾಡು ಎನ್ನುವುದೂ ಬೇಡ. ಆ ಹತ್ತು ನಿಮಿಷ ಕೋಣೆಯಲ್ಲಿ ಯಾರ ಫೋನಿನಲ್ಲೂ ರೆಕಾರ್ಡಿಂಗ್ ನಡೆಯಬಾರದು, ಹೆತ್ತವರದ್ದೂ ಸೇರಿ.