ವೆಂಗಪ್ಪಯ್ಯನ ಪಾಲುಪಟ್ಟಿ

ಅಡಿಕೆ ಸುಲಿಯುವಾಗ ಕೈಗೆ ಬಿಡುವಿಲ್ಲ, ಬಾಯಿಗೆ ಕೆಲಸವಿಲ್ಲ. ನವೆಂಬರ್, ಡಿಸೆಂಬರಿನ ರಾತ್ರಿ ನಮ್ಮ ತೀರ್ಥಹಳ್ಳಿ ಕಡೆಯ ಜಗಲಿಗಳಲ್ಲಿ ಮೆಟ್ಟುಕತ್ತಿ ಹಾಕಿಕೊಂಡು ಕೂತವರು ಮಾತಾಡದ ಸಂಗತಿ ಇಲ್ಲ. ಶಿವಮೊಗ್ಗ ಮಂಡಿಯಲ್ಲಿ ರಾಶಿ ಅಡಿಕೆಗೆ ಎಷ್ಟಾಯಿತು, ಯಾರ ಮನೆ ಹುಡುಗನಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ, ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ನಮ್ಮ ಜಗಲಿಯಲ್ಲಿ ಮಾತ್ರ ಇದರ ಜೊತೆಗೆ ಇನ್ನೊಂದು ವಿಷಯ ಸೇರಿಕೊಂಡಿದೆ. ಆರ್ಸೆನ್ ವೆಂಗರ್, ಲಂಡನ್ನಿನ ಆರ್ಸೆನಲ್ ಫುಟ್ಬಾಲ್ ಕ್ಲಬ್ಬಿನ ಹಳೆಯ ಮ್ಯಾನೇಜರ್.

ಅಣ್ಣನ ಮಗ, ನಮ್ಮ ಮಾಣಿ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕೊಯ್ಲಿನ ಹೊತ್ತಿಗೆ ಲ್ಯಾಪ್‌ಟಾಪ್ ಸಮೇತ ಊರಿಗೆ ಬರುತ್ತಾನೆ. ಶನಿವಾರ ರಾತ್ರಿ ಎಂಟೂವರೆಗೆ ಇಂಗ್ಲೆಂಡಿನಲ್ಲಿ ಮ್ಯಾಚ್ ಇದ್ದರೆ ಅವನ ಮೊಬೈಲು ಅಡಿಕೆ ಡಬ್ಬಕ್ಕೆ ಒರಗಿ ನಿಲ್ಲುತ್ತದೆ. ಜಗಲಿಯ ಆ ಮೂಲೆ ಬಿಟ್ಟರೆ ಮನೆಯಲ್ಲಿ ಬೇರೆಲ್ಲೂ ನೆಟ್‌ವರ್ಕ್ ಇಲ್ಲ. ಬೇಕೋ ಬೇಡವೋ, ಸುಲಿಯುವವರೆಲ್ಲ ಆರ್ಸೆನಲ್ ನೋಡಬೇಕು.

ಮ್ಯಾಚ್ ಮುಗಿದ ಮೇಲೆ ನಮ್ಮ ಜಗಳ ಶುರು. ವೆಂಗರ್ ದೊಡ್ಡ ಮನುಷ್ಯ ಅಂತ ನಾನು. ಕಾಲ ಮೀರಿ ಕೂತು ಕ್ಲಬ್ ಹಾಳು ಮಾಡಿದ ಮನುಷ್ಯ ಅಂತ ಅವನು. ಹೋದ ವರ್ಷ ಇದು ಮೂರು ರಾತ್ರಿ ನಡೆಯಿತು. ನಾಲ್ಕನೇ ರಾತ್ರಿ ಸುಲಿಯಲು ಬರುವ ಅಕ್ಕ ಕತ್ತಿ ನಿಲ್ಲಿಸಿ, ತೀರಾ ಮೆಲ್ಲಗೆ ಕೇಳಿದರು.

"ಅಲ್ಲ ಅಯ್ಯಾ, ಆ ವೆಂಗಪ್ಪಯ್ಯ ನಿಮಗೆ ಎಂತ ಆಗ್ಬೇಕು? ಅಷ್ಟು ವಯಸ್ಸಾದ್ರೂ ಯಜಮಾನಿಕೆ ಬಿಟ್ಟುಕೊಡ್ಲಿಲ್ಲ ಅಂದ್ರೆ ಮಕ್ಕಳಿಗೆ ಪಾಲು ಆಗಿಲ್ವಾ?"

ಮೂರು ರಾತ್ರಿಯೂ ಅವರು ಇದು ನಮ್ಮ ಮನೆಯದೇ ಆಸ್ತಿ ತಕರಾರು ಎಂದುಕೊಂಡು, ಮಧ್ಯೆ ಬಾಯಿ ಹಾಕುವುದು ಸರಿಯಲ್ಲ ಅಂತ ಸುಮ್ಮನಿದ್ದರಂತೆ. ನಾವು ನಕ್ಕೆವು. ಆದರೆ ಆಮೇಲೆ ಮಲಗಿ ಯೋಚಿಸಿದರೆ, ಅಕ್ಕ ಹೇಳಿದ್ದರಲ್ಲಿ ತಪ್ಪೇನಿತ್ತು? ಇಪ್ಪತ್ತೆರಡು ವರ್ಷ ಒಬ್ಬರೇ ಯಜಮಾನಿಕೆ ಮಾಡಿದ ಮನೆ ಅದು. 1996ರ ಅಕ್ಟೋಬರಿನಿಂದ 2018ರ ಮೇ ತನಕ. ಅಟ್ಟದ ಕೀಲಿಯೂ ಅವರ ಸೊಂಟದಲ್ಲೇ, ಲೆಕ್ಕದ ಪುಸ್ತಕವೂ ಅವರ ಕೈಯಲ್ಲೇ.

ಜಗಳದ ಮೂಲ ಏನು ಅಂದರೆ, ನಾನು ನೋಡಿದ ವೆಂಗರ್ ಬೇರೆ, ಮಾಣಿ ನೋಡಿದ ವೆಂಗರ್ ಬೇರೆ. ನಾನು ಕೇಬಲ್ ಟಿವಿಯಲ್ಲಿ 2003-04ರ ಸೀಸನ್ ನೋಡಿದವನು. ಲೀಗಿನ 38 ಮ್ಯಾಚಿನಲ್ಲಿ ಒಂದನ್ನೂ ಸೋಲದ ತಂಡ. ಇಂಗ್ಲೆಂಡಿನ ಮೇಲಿನ ಲೀಗಿನಲ್ಲಿ ಅದಕ್ಕೆ ಮೊದಲು ಹಾಗೆ ಮಾಡಿದ್ದು ಪ್ರೆಸ್ಟನ್ ಒಂದೇ. ಅದೂ 1888-89ರಲ್ಲಿ, ಆಗ ಇದ್ದದ್ದು 22 ಮ್ಯಾಚ್. ಮಾಣಿ ಬುದ್ಧಿ ಬಂದು ನೋಡಿದ ಮೊದಲ ದೊಡ್ಡ ಮ್ಯಾಚ್ 2011ರ ಆಗಸ್ಟಿನದು. ಮ್ಯಾಂಚೆಸ್ಟರ್ ಯುನೈಟೆಡ್ 8, ಆರ್ಸೆನಲ್ 2. ಇವನ ಮುಂದೆ ನಾನು ಥಿಯರಿ ಆನ್ರಿಯ ಓಟವನ್ನು ಎಷ್ಟು ವರ್ಣಿಸಿದರೂ ಅವನಿಗೆ ಕಾಣುವುದು ಆ ಎಂಟು.

ಭಾವನಿಗೆ ಫುಟ್ಬಾಲಿನ ಗಂಧಗಾಳಿ ಇಲ್ಲ. ಆದರೆ ಪಂಚಾಯ್ತಿಕೆ ಎಂದರೆ ಊಟ ಬಿಟ್ಟು ಬರುತ್ತಾರೆ.

"38ರಲ್ಲಿ ಎಷ್ಟು ಗೆದ್ರು?"

"26. ಉಳಿದ 12 ಡ್ರಾ."

"ಹಾಗಾದ್ರೆ ಹನ್ನೆರಡು ಸಲ ಅರ್ಧಂಬರ್ಧ. ಅದನ್ನೂ ಸೇರಿಸಿ ಸೋಲಿಲ್ಲ ಅಂತ ಡಂಗುರ ಹೊಡೀತೀಯಲ್ಲ ಮಾರಾಯಾ. ಅಡಿಕೆ ವ್ಯಾಪಾರಿ ಆಗ್ಬೇಕಿತ್ತು ನೀನು."

ಇದಕ್ಕೆ ಉತ್ತರ ಕೊಡುವುದು ಕಷ್ಟ. ಅದನ್ನು ನೋಡಿದವರಿಗೇ ಗೊತ್ತು. ಆ ತಂಡದ ಎದುರು ಯಾರಾದರೂ ಕಾರ್ನರ್ ಹೊಡೆದರೆ ನಾವು ಸೀಟಿನ ತುದಿಗೆ ಬರುತ್ತಿದ್ದೆವು. ಹೆದರಿ ಅಲ್ಲ, ಈಗ ನಮ್ಮವರು ಗೋಲ್ ಹೊಡೆಯುತ್ತಾರೆ ಅಂತ. ಚೆಂಡು ನಮ್ಮ ಗೋಲಿನ ಮುಂದೆ ಸಿಕ್ಕಿ, ಮೂರೋ ನಾಲ್ಕೋ ಪಾಸಿನಲ್ಲಿ ಆಚೆ ಗೋಲಿನೊಳಗೆ. ಆಗುಂಬೆ ಘಾಟಿಯಲ್ಲಿ ಬ್ರೇಕ್ ಹೋದ ಲಾರಿಗೂ ಆ ಓಟ ಬರಲಿಕ್ಕಿಲ್ಲ. 2002ರಲ್ಲಿ ವೆಂಗರ್, ಒಂದು ಸೀಸನ್ ಪೂರ್ತಿ ಸೋಲದೆ ಆಡಬಹುದು ಅಂದರು. ಊರೆಲ್ಲ ನಕ್ಕಿತು. ಕೆಲವೇ ವಾರದಲ್ಲಿ ಎವರ್ಟನ್ ತಂಡದ, ಇನ್ನೂ ಹದಿನೇಳು ತುಂಬದ ಒಬ್ಬ ಹುಡುಗ ದೂರದಿಂದ ಹೊಡೆದು ಸೋಲಿಸಿಯೇ ಬಿಟ್ಟ. ಆ ಹುಡುಗ ವೇಯ್ನ್ ರೂನಿ. ನಗು ಇನ್ನೂ ಜೋರಾಯಿತು. ಮರುವರ್ಷ ಅದೇ ಮನುಷ್ಯ ಹೇಳಿದ್ದನ್ನು ಮಾಡಿ ತೋರಿಸಿದರು.

ಆದರೂ ನಮ್ಮ ಹಿತ್ತಲಲ್ಲಿ ನಿಂತು ಒಂದು ಮಾತು ಒಪ್ಪಿಕೊಳ್ಳಬೇಕು. ಮಾಣಿಯ ವಾದ ಬರೀ ಉಡಾಫೆಯಲ್ಲ. ವೆಂಗರ್ ಬಂದಾಗ ಆರ್ಸೆನಲ್ ಪಾಳುಬಿದ್ದ ತೋಟವಾಗಿರಲಿಲ್ಲ. ಮೊದಲಿದ್ದ ಒಬ್ಬ ಯಜಮಾನ ಜಾರ್ಜ್ ಗ್ರಹಾಂ ಸುತ್ತ ಆಳದ ಅಗಳು ತೋಡಿಟ್ಟು ಹೋಗಿದ್ದ. ಡಿಫೆನ್ಸಿನಲ್ಲಿ ಆಡಮ್ಸ್, ಡಿಕ್ಸನ್, ವಿಂಟರ್‌ಬರ್ನ್, ಬೋಲ್ಡ್, ಗೋಲಿನಲ್ಲಿ ಸೀಮನ್. ಒಂದು ಹಂದಿ ಒಳಗೆ ನುಗ್ಗುವ ಹಾಗಿಲ್ಲ. ಒಂದು ಗೋಲ್ ಹೊಡೆಯುವುದು, ಬಾಗಿಲು ಹಾಕಿಕೊಳ್ಳುವುದು. ಅಭಿಮಾನಿಗಳು 'ಒಂದು–ಸೊನ್ನೆ' ಅಂತಲೇ ರಾಗ ಕಟ್ಟಿ ಹಾಡುತ್ತಿದ್ದರು. 1994ರಲ್ಲಿ ಇಟಲಿಯ ಪಾರ್ಮಾ ಎದುರು ಯುರೋಪಿನ ಕಪ್ ಗೆದ್ದಿದ್ದೂ ಅದೇ ಲೆಕ್ಕದಲ್ಲಿ.

"ಅಗಳು ಇದ್ದಷ್ಟು ದಿನ ಅವನ ಹೂವಿನ ಗಿಡ ಚೆಂದ ಕಂಡ್ತು ಚಿಕ್ಕಪ್ಪಾ. ಅಗಳು ಕುಸಿದ ಮೇಲೆ ಅವನು ಹೊಸದು ತೋಡ್ಲೇ ಇಲ್ಲ."

"ದೊಡ್ಡವರಿಗೆ ಏಕವಚನ ಬೇಡ," ಅಂದರು ಭಾವ, ಯಾರ ಬಗ್ಗೆ ಎಂದು ಗೊತ್ತಿಲ್ಲದೆಯೂ.

ನಾನು ಬಿಡಲಿಲ್ಲ. ಸೋಲದ ವರ್ಷದ ಡಿಫೆನ್ಸ್ ಗ್ರಹಾಂ ಬಿಟ್ಟುಹೋದದ್ದಲ್ಲ. ಲಾರೆನ್, ಕ್ಯಾಂಪ್‌ಬೆಲ್, ಕೋಲೋ ಟೂರೆ, ಆಶ್ಲಿ ಕೋಲ್. ಇವರನ್ನು ಕಟ್ಟಿದ್ದು ವೆಂಗರೇ. 38 ಮ್ಯಾಚಿಗೆ ಬಿಟ್ಟುಕೊಟ್ಟದ್ದು 26 ಗೋಲು. ಆದರೆ ಹೇಳುತ್ತಾ ಹೇಳುತ್ತಾ ನನಗೇ ಒಂದು ರಾತ್ರಿ ನೆನಪಾಗಿ ದನಿ ಇಳಿಯಿತು.

2011, ಫೆಬ್ರವರಿ 5. ನ್ಯೂಕಾಸಲ್ ಎದುರಿನ ಮ್ಯಾಚ್. ಒಂದು ನಿಮಿಷ ಆಗುವ ಮೊದಲೇ ವಾಲ್ಕಾಟ್ ಗೋಲ್ ಹೊಡೆದ. ಅರ್ಧ ಗಂಟೆಯೊಳಗೆ 4–0. ನಾನು ಅರ್ಧ ಆಟ ಮುಗಿದಾಗ ಊಟಕ್ಕೆ ಎದ್ದೆ. ಗೆದ್ದ ಮೇಲಿನ ಊಟ ಅಲ್ವಾ, ನಿಧಾನಕ್ಕೆ ಮಾಡಿದೆ. ಅಪ್ಪೆಮಿಡಿ ಉಪ್ಪಿನಕಾಯಿ ಎರಡನೇ ಸಲ ಹಾಕಿಸಿಕೊಂಡೆ. ಎಲೆ ಎತ್ತಿ ಕೈ ತೊಳೆದು ಬರುವಾಗ 4–1. ಹೋಗಲಿ ಪಾಪ, ಅವರಿಗೂ ಒಂದು ಇರಲಿ ಅಂದೆ. ಕುರ್ಚಿ ಎಳೆದುಕೊಳ್ಳುವಾಗ 4–2. ಪೆನಾಲ್ಟಿಯಲ್ಲಿ 4–3. ಮನೆಯವಳು "ಯಾಕೆ ಮಾತಿಲ್ಲ?" ಅಂತ ಕೇಳಿದ್ದಕ್ಕೂ ಉತ್ತರ ಕೊಡಲಿಲ್ಲ. 87ನೇ ನಿಮಿಷದಲ್ಲಿ ಟಿಯೋಟೆ ಎಂಬವನು ದೂರದಿಂದ ಎಡಗಾಲಲ್ಲಿ ಹೊಡೆದ. 4–4. ಇಪ್ಪತ್ತು ನಿಮಿಷದಲ್ಲಿ ನಾಲ್ಕು ಗೋಲ್. ಹತ್ತೇ ಜನ ಉಳಿದಿದ್ದರು ನಿಜ, ಒಬ್ಬನಿಗೆ ಕೆಂಪು ಕಾರ್ಡ್ ಆಗಿತ್ತು. ಆದರೂ ನಾಲ್ಕು ಗೋಲಿನ ಮುನ್ನಡೆ ಅದು. ಗ್ರಹಾಂನ ಕಾಲದವರಿಗೆ ಅಷ್ಟರಲ್ಲಿ ಒಂದು ತಿಂಗಳು ಸಂಸಾರ ನಡೆಯುತ್ತಿತ್ತು. ಆ ರಾತ್ರಿ ನಾನು ಟಿವಿಯ ಮುಂದೆ ನಿಂತು ವೆಂಗರನ್ನು ಬೈದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅದನ್ನು ಮಾಣಿಗೆ ಇವತ್ತಿಗೂ ಹೇಳಿಲ್ಲ.

ನಮ್ಮಲ್ಲಿ ಕೊಯ್ಲಿಗೆ ಒಂದು ಹದ ಇದೆ. ಎಳೆಯದಾಗಿ ಕೊಯ್ದರೆ ಮೇಲಿನ ದರ್ಜೆಯ ಹಸ, ಹದ ನೋಡಿ ಕೊಯ್ದರೆ ರಾಶಿ, ಮರದಲ್ಲೇ ಹಣ್ಣಾಗಲು ಬಿಟ್ಟರೆ ಗೋಟು. ಮಾಣಿಯ ತೀರ್ಪು ಏನೆಂದರೆ, ವೆಂಗರ್ 2006ರಲ್ಲೇ ಕೊಯ್ಲಾಗಬೇಕಿತ್ತು. ಆ ವರ್ಷ ಪ್ಯಾರಿಸ್ಸಿನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ತನಕ ಹೋಗಿ, ಗೋಲ್‌ಕೀಪರ್ ಲೇಮನ್ ಕೆಂಪು ಕಾರ್ಡ್ ತಿಂದು, ಬಾರ್ಸಿಲೋನಾಗೆ 2–1ರಲ್ಲಿ ಸೋತರು. ಆಗ ಎದ್ದು ಹೋಗಿದ್ದರೆ ಎಲ್ಲರೂ ಕಣ್ಣೀರು ಹಾಕಿ ಕಳಿಸುತ್ತಿದ್ದರು. ಪೂರ್ತಿ ಹಸ ಗ್ರೇಡು.

ಕೇಳಲು ಚೆಂದ. ಆದರೆ ಆ ವರ್ಷವೇ ಕ್ಲಬ್ಬು ಹಳೆಯ ಹೈಬರಿ ಮೈದಾನ ಬಿಟ್ಟು ಅರವತ್ತು ಸಾವಿರ ಜನ ಕೂರುವ ಹೊಸ ಸ್ಟೇಡಿಯಮ್ಮಿಗೆ ಹೋಯಿತು. ಮೈತುಂಬ ಸಾಲ. ಅಡಿಕೆಗೆ ರೇಟು ಬಂದ ವರ್ಷ ಆರ್‌ಸಿಸಿ ಮನೆ ಎಬ್ಬಿಸಿ, ಮರುವರ್ಷದಿಂದ ಕಂತು ಕಟ್ಟಲು ಒದ್ದಾಡಿದವರು ನಮ್ಮ ಊರಲ್ಲೇ ಬೇಕಾದಷ್ಟು ಜನ ಇದ್ದಾರೆ. ಅಂಥ ಮನೆಯ ಯಜಮಾನ ಏನು ಮಾಡುತ್ತಾನೆ? ಕಂತು ಕಟ್ಟುತ್ತಾನೆ. ಕಣ್ಣೆದುರೇ ಬೆಳೆದ ಆಟಗಾರ ಫಾಬ್ರೆಗಾಸ್ 2011ರಲ್ಲಿ ಬಾರ್ಸಿಲೋನಾಗೆ ಹೋದ. ಮರುವರ್ಷ ವಾನ್ ಪರ್ಸಿ ಹೋಗಿದ್ದಂತೂ ಯುನೈಟೆಡ್ಡಿಗೇ. ಅತ್ತ ಎದುರಾಳಿ ಕ್ಲಬ್ಬು ಚೆಲ್ಸಿಯನ್ನು 2003ರಲ್ಲೇ ರಷ್ಯಾದ ಅಬ್ರಮೊವಿಚ್ ಕೊಂಡಿದ್ದ. ಅವರಿಗೆ ಆಗ ಹಣದ ಚಿಂತೆ ಇರಲಿಲ್ಲ. ಇಂಥದರಲ್ಲೂ ವೆಂಗರ್ ಸತತ ಇಪ್ಪತ್ತು ಸೀಸನ್ ಮೊದಲ ನಾಲ್ಕರಿಂದ ಕೆಳಗಿಳಿಯಲಿಲ್ಲ. 2005ರ ಎಫ್‌ಎ ಕಪ್ ಬಿಟ್ಟರೆ ಮುಂದಿನ ಕಪ್ಪು ಬಂದದ್ದು 2014ಕ್ಕೆ, ಅದು ಬೇರೆ ಮಾತು. ಕಂತು ಕಟ್ಟಿ ಮುಗಿಸಿದವನಿಗೆ ಯಾರೂ ಸನ್ಮಾನ ಮಾಡುವುದಿಲ್ಲ. ಮನೆ ಕಟ್ಟಿದವನ ಫೋಟೋ ಮಾತ್ರ ಗೋಡೆಯ ಮೇಲೆ ಇರುತ್ತದೆ.

ಆದರೆ ನನಗೆ ಇದೆಲ್ಲಕ್ಕಿಂತ ಬೇರೆ ಅನುಮಾನ ಒಂದಿದೆ. ಮಾಣಿಯ ಸಿಟ್ಟು ಹುಟ್ಟಿದ್ದು ಎಲ್ಲಿಂದ? ಒಂದು–ಸೊನ್ನೆಗೆ ಹಾಡು ಕಟ್ಟುತ್ತಿದ್ದ ಜನಕ್ಕೆ, ಅಷ್ಟು ಸಾಲದು, ನೋಡಲೂ ಚೆಂದ ಇರಬೇಕು ಅಂತ ರುಚಿ ಹತ್ತಿಸಿದ್ದು ಯಾರು? ವೆಂಗರೇ ಅಲ್ವಾ? ದಿನಾ ತುಪ್ಪ ಹಾಕಿ ಬಡಿಸಿದವರು ಒಂದು ದಿನ ಬರೀ ಗಂಜಿ ಹಾಕಿದರೆ ಉಣ್ಣುವವನಿಗೆ ಸಿಟ್ಟು ಬರುತ್ತದೆ. ಮೊದಲಿನಿಂದ ಗಂಜಿಯೇ ಉಂಡವನಿಗೆ ಬರುವುದಿಲ್ಲ. 'ವೆಂಗರ್ ಔಟ್' ಅಂತ ಬೋರ್ಡ್ ಹಿಡಿದವರೆಲ್ಲ ನನ್ನ ಲೆಕ್ಕದಲ್ಲಿ ಅವರದೇ ಶಿಷ್ಯರು. ಗುರು ಕಲಿಸಿದ ಪಾಠದಲ್ಲೇ ಗುರುವಿಗೆ ಮಾರ್ಕ್ಸ್ ಕಡಿಮೆ ಹಾಕಿದರು ಅಷ್ಟೇ.

ಅಂದಹಾಗೆ, 2017ರ ಮಾರ್ಚಿನಲ್ಲಿ ವೆಸ್ಟ್ ಬ್ರಾಮ್‌ವಿಚ್ ಊರಿನ ಮೈದಾನದ ಮೇಲೆ ಎರಡು ವಿಮಾನ ಹಾರಿದವು. ಒಂದರ ಬಾಲದಲ್ಲಿ ವೆಂಗರ್ ಹೋಗಲಿ ಅನ್ನುವ ಬ್ಯಾನರ್, ಇನ್ನೊಂದರಲ್ಲಿ ಅವರನ್ನೇ ನಂಬಿದ್ದೇವೆ ಅನ್ನುವ ಬ್ಯಾನರ್. ಕೆಳಗೆ ತಂಡ 3–1ರಲ್ಲಿ ಸೋಲುತ್ತಿತ್ತು. ಭಾವನಿಗೆ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದೊಂದೇ. "ನಮ್ಮ ಸೊಸೈಟಿ ಎಲೆಕ್ಷನ್ನಿಗೂ ಹೀಗೆ ಮಾಡ್ಬಹುದು. ಈಗ ಶಿವಮೊಗ್ಗದಲ್ಲೂ ಏರ್‌ಪೋರ್ಟ್ ಆಯ್ತಲ್ಲ."

ವೆಂಗರ್ ಫ್ರಾನ್ಸಿನವರು, ಸ್ಟ್ರಾಸ್‌ಬರ್ಗ್ ಹತ್ತಿರದ ಹಳ್ಳಿಯವರು. ಅವರ ಅಪ್ಪ ಅಮ್ಮ ಅಲ್ಲಿ ಒಂದು ಸಣ್ಣ ಹೋಟೆಲ್ ನಡೆಸುತ್ತಿದ್ದರು. ಕುಡಿಯಲು ಬಂದವರು ಊರ ಫುಟ್ಬಾಲ್ ಟೀಮಿನ ಬಗ್ಗೆ ಜಗಳ ಆಡುವುದನ್ನು ಕೇಳುತ್ತಲೇ ಈ ಹುಡುಗ ಬೆಳೆದದ್ದು. ಅಂದರೆ ನಮ್ಮ ಜಗಲಿಯಂಥದೇ ಒಂದು ಜಾಗ, ಅಡಿಕೆ ಒಂದಿಲ್ಲ. ಫ್ರಾನ್ಸಿನಿಂದ ನಮ್ಮ ಮನೆಗೆ ಬಂದದ್ದು ಎರಡೇ. ಒಂದು ವೆಂಗರ್, ಇನ್ನೊಂದು ಬೋರ್ಡೋ. ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು ಮೈಸೂರು ಸಂಸ್ಥಾನದಲ್ಲಿ ಕೊಳೆರೋಗಕ್ಕೆ ಈ ಮದ್ದು ಹೊಡೆಸಿ ನೂರು ವರ್ಷ ಮೀರಿತು. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಕಲಸಿದ ಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡಬೇಕು. ಕತ್ತಿ ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ನೀಲಿ ಮೈಲುತುತ್ತ ನೋಡಲು ಎಷ್ಟು ಚೆಂದ. ಅದನ್ನೊಂದೇ ಹೊಡೆದರೆ ಮರ ಸುಟ್ಟುಹೋಗುತ್ತದೆ. ಮಾಣಿ ಈ ಉದಾಹರಣೆ ಹಿಡಿದುಕೊಂಡು "ಸುಣ್ಣ ಕಡಿಮೆ ಆಗಿತ್ತು, ಅದನ್ನೇ ನಾನು ಹೇಳೋದು" ಅಂದ. ನಾನು ಸುಮ್ಮನಾದೆ. ಈಗಿನ ಮ್ಯಾನೇಜರ್ ಅರ್ಟೆಟಾ, ವೆಂಗರ್ ಕೈಕೆಳಗೇ ಆಡಿದವರು, ಸುಣ್ಣ ಧಾರಾಳವಾಗಿ ಹಾಕುತ್ತಾರೆ. ಕಾರ್ನರಿನಿಂದ ತಲೆಗೆ ತಾಗಿ ಗೋಲ್ ಬಂದರೆ ಮಾಣಿ ಜಗಲಿಯಲ್ಲಿ ಕುಣಿಯುತ್ತಾನೆ. ನಾನೂ ಚಪ್ಪಾಳೆ ತಟ್ಟುತ್ತೇನೆ. ಆದರೂ ಕತ್ತಿಯ ಕಡೆ ತಿರುಗುವಾಗ ಏನೋ ಒಂದು ಕಡಿಮೆ ಅನ್ನಿಸುತ್ತದೆ. ಬಾಯಿ ಬಿಟ್ಟು ಹೇಳಿದರೆ ಮುದುಕ ಅನ್ನುತ್ತಾನೆ.

ಅಕ್ಕನಿಗೆ ಮಾತ್ರ ಇವತ್ತಿಗೂ ಅವರು ವೆಂಗಪ್ಪಯ್ಯನೇ. ಈ ಸಲ ಕೊಯ್ಲು ಶುರುವಾದ ಮೊದಲ ರಾತ್ರಿಯೇ ವಿಚಾರಿಸಿದರು.

"ಹುಷಾರಿದ್ದಾರಾ? ಈಗ ಎಲ್ಲಿದ್ದಾರೆ?"

ಫಿಫಾ ಅಂತ ಒಂದು ದೊಡ್ಡ ಆಫೀಸು, ಅದರಲ್ಲಿದ್ದಾರೆ, 2023ರಲ್ಲಿ ಭುವನೇಶ್ವರಕ್ಕೂ ಬಂದಿದ್ದರು ಅಂದೆ.

"ಅಲ್ಲಿ ತನಕ ಬಂದವರು ಇಲ್ಲಿಗೊಂದು ಹೆಜ್ಜೆ ಬರ್ಲಿಲ್ವಾ? ಕಡೆಗೆ ಆ ಮನೆ ಬಿಟ್ಟು ಹೊರಟಾಗ ಎಂತ ಆಯ್ತು?"

ಹೇಳಿದೆ. ಊರಿನ ಮೈದಾನದ ಕೊನೆಯ ಮ್ಯಾಚಿನಲ್ಲಿ ಬರ್ನ್‌ಲಿಗೆ 5–0. ಪೂರ್ತಿ ತುಪ್ಪದ ಊಟ. ಆದರೆ ಅದು ಕಡೆಯದಲ್ಲ. ಒಂದು ವಾರ ಬಿಟ್ಟು ಹಡರ್ಸ್‌ಫೀಲ್ಡ್ ಊರಲ್ಲಿ ಇನ್ನೊಂದು ಇತ್ತು. ಅದನ್ನೂ ಗೆದ್ದರು. ಅರ್ಧ ಆಟದೊಳಗೆ ಔಬಮೆಯಾಂಗ್ ಹೊಡೆದದ್ದೇ ಗೋಲು.

"ಎಷ್ಟಕ್ಕೆ ಗೆದ್ದದ್ದು?" ಅಂದರು ಭಾವ.

ಮಾಣಿ ನನ್ನ ಮುಖ ನೋಡಿದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಒಂದು–ಸೊನ್ನೆ."

"ಒಂದಾದ್ರೂ ಆಯ್ತಲ್ಲ," ಅಂದು ಅಕ್ಕ ತುಂಬಿದ ಡಬ್ಬ ನನ್ನ ಕಡೆ ತಳ್ಳಿದರು. "ಇದು ಏಳನೇದು. ಬರ್ಕೊಳ್ಳಿ."