ಮಾಸ್ಟರ್ ಪ್ಲಾನ್ ಬರೋದರೊಳಗೆ ಲೇಔಟ್ ರೆಡಿ

ರಾಯಚೂರು ಜಿಲ್ಲೆಯ ಸಿಂಧನೂರು ಕಡೆಯ ಭತ್ತದ ಗದ್ದೆ ಎರಡು ಸಲ ಹಳದಿ ಆಗುತ್ತದೆ. ತೆನೆ ಹಣ್ಣಾದಾಗ ಒಮ್ಮೆ. ಊರಿನ ಯಾವ ಜಾಗ ಯಾವುದಕ್ಕೆ ಅಂತ ಹೇಳುವ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ವಸತಿ ವಲಯ ಅಂತ ಬಣ್ಣ ಬಳಿದಾಗ ಇನ್ನೊಮ್ಮೆ. ಮೊದಲನೇ ಹಳದಿಗೆ ಕ್ವಿಂಟಲ್ ರೇಟು, ಅದಕ್ಕೂ ಚೌಕಾಸಿ. ಎರಡನೆಯದಕ್ಕೆ ಚದರ ಅಡಿ ರೇಟು. ರೈತ ಯಾವ ಹಳದಿಗೆ ಕೈಮುಗಿಯುತ್ತಾನೆ ಅಂತ ಬೇರೆ ಹೇಳಬೇಕಾ?

ಕಾಗದದಲ್ಲಿ ನೋಡಿದರೆ ನಮಗೇನೂ ಕಮ್ಮಿ ಇಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ನಗರಸಭೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಕೊಟ್ಟಿತು. ಮೊದಲನೆಯದೇ ನಗರ ಯೋಜನೆ. ಎರಡನೆಯದು ಭೂಬಳಕೆ ನಿಯಂತ್ರಣ. ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವಷ್ಟು ಚೆಂದದ ಪಟ್ಟಿ. ಆದರೆ ನಕ್ಷೆ ತಯಾರಾಗೋದು 1961ರ ರಾಜ್ಯದ ನಗರ ಯೋಜನಾ ಕಾಯ್ದೆ ಪ್ರಕಾರ. ಕೊನೆಯ ಒಪ್ಪಿಗೆ ಬೆಂಗಳೂರಿನದು. ನಗರಾಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರನ್ನು ನಾವು ಆರಿಸೋದಿಲ್ಲ, ಸರ್ಕಾರ ನೇಮಿಸುತ್ತದೆ. ಪಾಪ, ಟಿಕೆಟ್ ತಪ್ಪಿದವರಿಗೆ ಕುರ್ಚಿಯಾದರೂ ಬೇಡವಾ?

ಹಳ್ಳಿ, ಪಟ್ಟಣ ಎರಡರ ಯೋಜನೆಯನ್ನೂ ಕೂಡಿಸೋಕೆ ಜಿಲ್ಲಾ ಯೋಜನಾ ಸಮಿತಿ ಅಂತ ಒಂದಿದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಪಂಚಾಯಿತಿ, ನಗರಸಭೆಗಳ ಚುನಾಯಿತ ಸದಸ್ಯರೇ ಆಗಿರಬೇಕು ಅಂತ ಸಂವಿಧಾನ ಹೇಳುತ್ತದೆ. ನಮ್ಮ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಳ್ಳಿ ಕಡೆಯಿಂದ ಆರಿಸಬೇಕಾದ ಸದಸ್ಯರೇ ಇಲ್ಲದ ಮೇಲೆ ತಕರಾರು ತೆಗೆಯೋರಾದರೂ ಎಲ್ಲಿಂದ ಬರಬೇಕು? ಸಭೆ ಎಷ್ಟು ಶಾಂತ ನೋಡಿ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರೂ ಈ ಅಧಿಕಾರದ ಹಂಗೇ. ಡ್ಯಾಮಿನಲ್ಲಿ ಬಿಟ್ಟಿದ್ದೇವೆ ಅಂತಾರೆ. 104ನೇ ಮೈಲಿಯಲ್ಲಿ ಗೇಜ್ (ಇರಬೇಕಾದಷ್ಟು ನೀರಿನ ಮಟ್ಟ) ಬರಲಿಲ್ಲ ಅಂತ ಕೊನೆ ಭಾಗದ ರೈತರು ರಸ್ತೆಗೆ ಕೂರುತ್ತಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತು. ವಿಧಾನಸೌಧದ ಗೇಟು ಮಾತ್ರ ಭಾರೀ ಗಟ್ಟಿ, ಒಂದು ಹನಿ ಅಧಿಕಾರ ಸೋರಿದ್ದು ಯಾರೂ ನೋಡಿಲ್ಲ.

ಭೂಮಿ ಇದಕ್ಕೆಲ್ಲ ಕಾಯುತ್ತದಾ? ಊರು ದಾಟಿದರೆ ಸಾಕು, ಗದ್ದೆ ನಡುವೆ ಒಂದು ಕಮಾನು. ಮೇಲೆ ಯಾವುದೋ ದೇವರ ಹೆಸರು, ಕೊನೆಗೆ 'ನಗರ'. ಕೊಯ್ದ ಭತ್ತದ ಕೂಳೆ ಇನ್ನೂ ಹಾಗೇ ಇದೆ, ಅದರ ಮಧ್ಯೆ ಬಿಳಿ ಸುಣ್ಣ ಬಳಿದು ಕೆಂಪು ಬಣ್ಣದಲ್ಲಿ ನಂಬರ್ ಬರೆದ ಕಲ್ಲುಗಳು. ಹೊಲಗಾಲುವೆಯೇ ಮುಂದೆ ಚರಂಡಿ. ಮೂಲೆಯಲ್ಲಿ 'ಉದ್ಯಾನವನಕ್ಕೆ ಮೀಸಲು' ಅಂತ ತಗಡಿನ ಬೋರ್ಡು, ಅದರ ಕಂಬಕ್ಕೆ ಕಟ್ಟಿದ ಎಮ್ಮೆ. ಭೂಬಳಕೆ ನಿಯಮ ಪಾಲಿಸುತ್ತಿರುವ ಜೀವ ಅಲ್ಲಿ ಅದೊಂದೇ. ಪಾರ್ಕಿನಲ್ಲಿ ಹುಲ್ಲು ಮೇಯುತ್ತಿದೆ.

"ಎನ್‌ಎ ಆಗೇದೇನ್ರಿ?" (ಅಂದರೆ ಹೊಲ ಕೃಷಿಯೇತರ ಅಂತ ಬದಲಾಗಿದೆಯಾ) ಅಂತ ಕೇಳಿದರೆ ಬ್ರೋಕರ್ ನಗುತ್ತಾನೆ. "ಆಗ್ತದ ತಗೋರಿ ಸರ, ಮೊದ್ಲು ಅಡ್ವಾನ್ಸ್ ಮಾಡ್ರಿ." ನಮ್ಮ ಭಾಗದಲ್ಲಿ ಮುಂದಿನ ಇಪ್ಪತ್ತು ವರ್ಷದ ಊರು ಹೇಗಿರಬೇಕು ಅಂತ ನಿಜವಾಗಿ ಯೋಚನೆ ಮಾಡಿರೋನು ಇವನೊಬ್ಬನೇ. ಯಾವ ಸರ್ವೆ ನಂಬರಿನ ಮೇಲೆ ಬೈಪಾಸ್ ಬರುತ್ತದೆ ಅಂತ ಎಂಜಿನಿಯರಿಗಿಂತ ಮೊದಲು ಇವನಿಗೆ ಗೊತ್ತು. ಸಂಬಳ ಇಲ್ಲ, ಟಿಎ ಇಲ್ಲ, ಸುಮ್ನೆ ಜನಸೇವೆ. ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಅನ್ನುತ್ತದೆ ಕಾಯ್ದೆ. ಇವನು ಪ್ರತಿ ಅಮಾವಾಸ್ಯೆ ಕಳೆದ ಮೇಲೆ ಪರಿಷ್ಕರಿಸುತ್ತಾನೆ, ರೇಟು ಸಮೇತ.

ಜನರನ್ನು ಕೇಳೋದೇ ಇಲ್ಲ ಅಂತಲೂ ಅಲ್ಲ. ಕರಡು ನಕ್ಷೆ ಪ್ರಕಟಿಸಿ ಆಕ್ಷೇಪಣೆಗೆ 60 ದಿನ ಕೊಡುತ್ತಾರೆ. ಕಚೇರಿಗೆ ಹೋಗಿ ಗೋಡೆಯ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಹುಡುಕಬೇಕು. ಅಕ್ಷರ ಎಳ್ಳಿನಷ್ಟು. ನಿಮ್ಮದು ಎಲ್ಲಿದೆಯೋ ಸರಿಯಾಗಿ ಅದರ ಮೇಲೇ ಟ್ಯೂಬ್‌ಲೈಟಿನ ವೈರು.

"ಏನಪ್ಪಾ ನಿನ್ನ ಆಕ್ಷೇಪಣೆ?"

"ಸಾಹೇಬ್ರ, ನೀವು ರಸ್ತೆ ಹಾಕಿದ್ದು ನಮ್ಮ ಹೊಲದಾಗ."

"ಅದು ಆಕ್ಷೇಪಣೆ ಅಲ್ಲ, ಮಾಹಿತಿ. ಮಾಹಿತಿಗೆ ಬೇರೆ ಅರ್ಜಿ, 10 ರೂಪಾಯಿ."